ತಲೆಗೆ ಹೊಯ್ದ ನೀರು

ಆಯುಧಪೂಜೆಯ ದಿನ ಗಾಡಿ ತೊಳೆಯದ ಮನೆ ಕೂಟಗಲ್ ಕಡೆ ಸಿಕ್ಕುವುದಿಲ್ಲ. ಟ್ರ್ಯಾಕ್ಟರ್ ಇದ್ದವನು ಟ್ರ್ಯಾಕ್ಟರ್ ತೊಳೆಯುತ್ತಾನೆ, ಬೈಕ್ ಇದ್ದವನು ಬೈಕ್ ತೊಳೆಯುತ್ತಾನೆ, ಎರಡೂ ಇಲ್ಲದವನು ಕುಡುಗೋಲನ್ನಾದರೂ ತೊಳೆದು ಅದಕ್ಕೊಂದು ಬೊಟ್ಟಿಡುತ್ತಾನೆ. ಚಿಕ್ಕಬೀರಯ್ಯನ ಪಾಲಿಗೆ ಬಂದಿದ್ದು ವಿಮಾನ.

ವಿಮಾನ ಅವನದಲ್ಲ, ಹೇಳದಿದ್ದರೂ ಗೊತ್ತಾಗುತ್ತದೆ. ಅದು ಬೈರಾಪಟ್ಟಣದ ನಾಗರಾಜುವಿನದು. ಕನಕಪುರದ ಕಡೆ ಬಂಡೆ ಒಡೆಸಿ ದೊಡ್ಡವನಾದ ಗೌಡ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅನ್ನುತ್ತಾರಲ್ಲ, ಈತ ಕೊಡೆ ಬಿಟ್ಟು ರೆಕ್ಕೆಗೇ ಕೈ ಹಾಕಿದ. ನಾಲ್ಕು ಸೀಟಿನ ಹಳೇ ವಿಮಾನವೊಂದನ್ನು ಕೊಂಡು, ಓಡಿಸುವುದನ್ನು ಕಲಿತು, ಲೈಸೆನ್ಸನ್ನೂ ಮಾಡಿಸಿಕೊಂಡು, ಕೂಟಗಲ್ಲಿನಾಚೆ ಚಿಕ್ಕಬೀರಯ್ಯ ಕುರಿ ಮೇಯಿಸಿ ಹುರುಳಿ ಬಿತ್ತುತ್ತಿದ್ದ ಬಯಲನ್ನು ಕ್ರಯಕ್ಕೆ ತಗೊಂಡು ರನ್‌ವೇ ಮಾಡಿಸಿದ. ನೆಲ ಮಾರಿದವನನ್ನೇ ಕಾವಲಿಗೆ ಇಟ್ಟುಕೊಂಡ. ವಿಮಾನದ ಶೆಡ್ಡಿನ ಪಕ್ಕದಲ್ಲಿ ಎರಡು ಕೋಣೆಯ ಶೀಟಿನ ಮನೆ ಕೊಟ್ಟ. ಮಕ್ಕಳಿಲ್ಲದ ಚಿಕ್ಕಬೀರಯ್ಯನಿಗೂ ಅವನ ಹೆಂಡತಿ ಪುಟ್ಟಗೌರಮ್ಮನಿಗೂ ಅವರ ನಾಲ್ಕು ಕುರಿಗೂ ಭೂಮಿಯ ಮೇಲೆ ಉಳಿದಿದ್ದು ಅದೊಂದೇ ಸೂರು.

ಆ ಸೂರಿಗೂ ಗ್ಯಾರಂಟಿ ಇರಲಿಲ್ಲ. ಯುಗಾದಿಯ ಮಾರನೇ ದಿನ ನಾಗರಾಜು ವಿಮಾನ ಹತ್ತಲು ಹೊರಟವನು ಫೋನನ್ನು ಶೆಡ್ಡಿನಲ್ಲೇ ಮರೆತಿದ್ದ. "ಗೌಡ್ರೆ, ಫೋನ್ ಬುಟ್ಟೋಯ್ತಾ ಇದ್ದೀರಿ" ಅಂತ ಚಿಕ್ಕಬೀರಯ್ಯ ಹಿಂದಿನಿಂದ ಕೂಗಿದ. ಹೊರಟವರನ್ನು ಹಿಂದಿನಿಂದ ಕರೆಯಬಾರದು ಅನ್ನುವುದು ಯಾರಿಗೆ ಗೊತ್ತಿಲ್ಲ? ನಾಗರಾಜು ತಿರುಗಿ ಬಂದು, ಪುಟ್ಟಗೌರಮ್ಮನ ಎದುರಿಗೇ ಕೆನ್ನೆಗೆ ಬಾರಿಸಿದ. "ಇನ್ನೊಂದ್ ತಪ್ಪು ಮಾಡ್ಲಾ ಬೀರಾ, ಅವತ್ತೇ ಗಂಟುಮೂಟೆ ಕಟ್ಟು" ಅಂದ. ಫೋನನ್ನು ಮಾತ್ರ ಇಸಕೊಂಡೇ ಹೋದ ಅನ್ನಿ. ಅವತ್ತಿನಿಂದ ಚಿಕ್ಕಬೀರಯ್ಯ ಗೌಡನ ಬಲಗೈ ನೋಡಿಕೊಂಡೇ ಬಾಯಿ ತೆರೆಯುತ್ತಿದ್ದ. ಬಡವಾ ನೀ ಮಡಗ್ದಂಗಿರು ಅಂತ ಹಿರಿಯರು ಹೇಳಿಟ್ಟಿದ್ದಾರೆ. ಹಾಗೆ ಇದ್ದು ಇದ್ದು ಮನುಷ್ಯ ಕೊನೆಗೆ ಏನಾಗುತ್ತಾನೆ ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ.

ಪುಟ್ಟಗೌರಮ್ಮ ಹೆದರುವ ಪೈಕಿಯಲ್ಲ. ವಿಮಾನ ಬಂದ ದಿನದಿಂದ ಅವಳದು ಒಂದೇ ರಾಗ. "ಒಂದ್ಸಲ ಗೌಡ್ರಿಗೆ ಯೋಳು, ನನ್ನೂ ಅದ್ರಲ್ಲಿ ಕೂರಿಸ್ಕಳ್ಳಿ. ನಮ್ಮ ಹೊಲ ಮೇಲಿಂದ ಹೆಂಗ್ ಕಾಣ್ತದೆ ನೋಡ್ಬೇಕು." ನಮ್ಮ ಹೊಲ ಎಲ್ಲಿದೆ ಇನ್ನು ಅಂತ ಚಿಕ್ಕಬೀರಯ್ಯ ರೇಗುತ್ತಿದ್ದ. "ಕಾಗದದಾಗೆ ಇಲ್ದಿದ್ರೆ ಕಣ್ಣಲ್ಲೂ ಇರ್ಬಾರ್ದಾ" ಅನ್ನುತ್ತಿದ್ದಳು.

ವಿಮಾನದ ರಿಪೇರಿ ನೋಡಿಕೊಳ್ಳುತ್ತಿದ್ದವನು ಚನ್ನಪಟ್ಟಣದ ಸುಹೇಲ್. ವಾರಕ್ಕೆರಡು ಸಲ ಬಂದು, ಪುಟ್ಟಗೌರಮ್ಮ ಕೊಡುವ ಮಜ್ಜಿಗೆ ಕುಡಿದು, ಗಂಡ ಹೆಂಡಿರಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಎರಡು ವಿಷಯ ಹೇಳಿಕೊಟ್ಟಿದ್ದ. ರೆಕ್ಕೆಯ ಮೇಲಕ್ಕೆ ನೀರು ಬಿಡಕೂಡದು. ಪೆಟ್ರೋಲ್ ಟ್ಯಾಂಕು ಇರುವುದು ರೆಕ್ಕೆಯೊಳಗೆ, ಅದರ ಮುಚ್ಚಳ ರೆಕ್ಕೆಯ ನೆತ್ತಿಯ ಮೇಲೆ, ಮುಚ್ಚಳದ ರಬ್ಬರು ಬಿರುಕು ಬಿಟ್ಟಿದೆ. ಹೊಸದು ಬರುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮತ್ತೆ, ವಿಮಾನ ಹೊರಡುವ ಮುಂಚೆ ಎರಡೂ ರೆಕ್ಕೆಯ ಅಡಿಯಲ್ಲಿರುವ ಪುಟ್ಟ ನಲ್ಲಿಯಿಂದ ಒಂದೊಂದು ಲೋಟ ಪೆಟ್ರೋಲ್ ಹಿಡಿದು ಬೆಳಕಿಗೆ ನೋಡಬೇಕು. ಪೆಟ್ರೋಲು ತಿಳಿನೀಲಿ. ನೀರಿದ್ದರೆ ಅಡಿಗೆ ಕೂರುತ್ತದೆ.

"ಬರೀ ನೀಲಿ ಬರೋ ತನಕ ಗಾಡಿ ಅಲ್ಲಾಡ್ಬಾರ್ದು ಬೀರಣ್ಣ" ಅಂದಿದ್ದ ಸುಹೇಲ್. "ಎಂಜಿನ್ ನೀರು ಕುಡಿದ್ರೆ ನೆಲದ ಮೇಲೆ ಚೆನ್ನಾಗೇ ಓಡುತ್ತೆ. ಮೇಲಕ್ಕೆ ಎದ್ದ ಮೇಲೆ ನಿಂತೋಗುತ್ತೆ."

ಇಬ್ಬರೂ ತಲೆಯಾಡಿಸಿದ್ದರು. ಇಬ್ಬರಿಗೂ ಅರ್ಥವಾಗಿತ್ತು. ಆದರೆ ಹಬ್ಬ ಬಂತು.

ಹಬ್ಬದ ಬೆಳಿಗ್ಗೆ ಚಿಕ್ಕಬೀರಯ್ಯ ಒಲೆ ಹಚ್ಚಿ, ಹಂಡೆಯಿಂದ ಬಿಸಿನೀರು ತೋಡಿ ಹೆಂಡತಿಗೆ ಕೊಟ್ಟ. ಅವಳು ಸೀಗೆಪುಡಿ ಹಾಕಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನೇ ತುರುಬು ಕಟ್ಟಿ, ತಮ್ಮ ಕೊಡಿಸಿದ್ದ ಹಸಿರು ಸೀರೆ ಉಟ್ಟಳು. ಅವನೂ ಮಿಂದ. ಆಮೇಲೆ ಶೆಡ್ಡಿನ ಬಾಗಿಲು ತೆಗೆದು ವಿಮಾನವನ್ನು ನೋಡಿದ. ರೆಕ್ಕೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ಅದರ ಮೇಲೆ ಪಾರಿವಾಳದ ಹಿಕ್ಕೆ. ಇಂಥದ್ದಕ್ಕೆ ಅರಿಶಿನ ಕುಂಕುಮ ಇಡುವುದಾದರೂ ಹೇಗೆ? ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡ ದಿನ ಇದೊಂದಕ್ಕೆ ಮಾತ್ರ ಒದ್ದೆ ಬಟ್ಟೆಯಾ? ಸಂಕ್ರಾಂತಿಗೆ ಎತ್ತು ತೊಳೆದ ಕೈ ಅವನದು. ಏಣಿ ಹಾಕಿದ, ಬೋರ್‌ವೆಲ್ಲಿನ ಪೈಪು ಎಳೆದು ತಂದ.

"ಸುಹೇಲಪ್ಪ ಬ್ಯಾಡ ಅಂದಿಲ್ವಾ? ಬಟ್ಟೇಲಿ ಒರ್ಸು" ಅಂದಳು ಪುಟ್ಟಗೌರಮ್ಮ.

"ಒರ್ಸದು ಜರ ಬಂದವ್ರಿಗೆ ಕಣಮ್ಮಿ. ಹಬ್ಬಕ್ಕೆ ತಲೆಗೇ ಹುಯ್ಬೇಕು."

"ನಿನ್ ತಲೇಲಿ ಕಲ್ಲೈತೆ. ಬ್ಯಾಡ ಅಂದ್ರೆ ಬ್ಯಾಡ."

ಅವಳು ಎರಡನೇ ಸಲವೂ ಹೇಳಿದಳು, ಮೂರನೇ ಸಲವೂ ಹೇಳಿದಳು, ಆಮೇಲೆ ರಂಗೋಲಿ ಹಾಕಲು ಹೋದಳು. ಅವನು ನಗುತ್ತಲೇ ಎರಡೂ ರೆಕ್ಕೆಯ ನೆತ್ತಿಗೆ ಧಾರಾಳವಾಗಿ ನೀರು ಬಿಟ್ಟ, ಮುಚ್ಚಳದ ಸಂದಿಯ ಕೊಳೆಯನ್ನು ಹಳೇ ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಬಿಟ್ಟ. ವಿಮಾನ ಬೆಳ್ಳಗೆ ಹೊಳೆಯಿತು. ಎಷ್ಟೋ ವರ್ಷದ ಮೇಲೆ ಅವನಿಗೆ ತನ್ನ ಕೆಲಸ ನೋಡಿ ಖುಷಿಯಾಯಿತು. ಅದೊಂದು ಗಳಿಗೆಯ ಖುಷಿಯನ್ನು ನಾವು ಅವನಿಂದ ಕಿತ್ತುಕೊಳ್ಳುವುದು ಬೇಡ, ಮಿಕ್ಕಿದ್ದೆಲ್ಲ ತಾನಾಗಿಯೇ ಹೋಗಲಿದೆ.

ಹನ್ನೊಂದಕ್ಕೆ ನಾಗರಾಜು ಬಂದ. ಹಿಂದೆ ಆರು ಕಾರಿನ ತುಂಬ ನೆಂಟರು, ಹೆಂಡತಿ ರಾಧಾಮಣಿ, ಅವಳ ತಮ್ಮ ಮನೋಹರ್. ರೆಕ್ಕೆಗೆ ಚೆಂಡುಹೂವಿನ ಹಾರ ಕಟ್ಟಿದರು, ಚಕ್ರದಡಿ ನಿಂಬೆಹಣ್ಣಿಟ್ಟರು, ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆದರು. ಅಷ್ಟರಲ್ಲಿ ಸುಹೇಲನ ಫೋನು ಬಂತು. ಆ ಮುಚ್ಚಳದ ರಬ್ಬರನ್ನೇ ತರಲು ಬೆಂಗಳೂರಿಗೆ ಹೋಗಿದ್ದನಂತೆ, ಎರಡು ಗಂಟೆಗೆ ಬರುತ್ತಾನಂತೆ, ಅಲ್ಲಿಯ ತನಕ ಹಾರಿಸಬೇಡಿ ಅಂದನಂತೆ.

"ಬುಧವಾರ ಹನ್ನೆರಡಕ್ಕೆ ರಾಹುಕಾಲ ಕೂರ್ತದೆ. ರಾಹು ಇವನಿಗೋಸ್ಕರ ಕಾಯ್ತಾ ಕೂರ್ತಾನಾ?" ಅಂದ ನಾಗರಾಜು. "ಲೇ ಬೀರಾ, ಲೋಟ ಹಿಡಿದು ನೋಡ್ಲಾ. ನಾನೂ ಮನೋಹರನೂ ಒಂದ್ ಸುತ್ತು ಹಾಕ್ಕೊಂಡು ಬತ್ತೀವಿ."

ಚಿಕ್ಕಬೀರಯ್ಯ ಎಡರೆಕ್ಕೆಯ ಕೆಳಗೆ ಕೂತು ಲೋಟ ಹಿಡಿದ. ತುಂಬಿದ ಲೋಟವನ್ನು ಬೆಳಕಿಗೆ ಎತ್ತಿದ. ನೀಲಿ ಇರಲಿಲ್ಲ. ಲೋಟದ ತುಂಬ ಬೋರ್‌ವೆಲ್ಲಿನ ತಿಳಿನೀರು ನಿಂತಿತ್ತು. ಬೆಳಿಗ್ಗೆ ತಾನೇ ಹೊಯ್ದ ನೀರು.

ನೀರನ್ನು ಚೆಲ್ಲಿ ಇನ್ನೊಂದು ಲೋಟ ಹಿಡಿದ. ಅರ್ಧ ನೀರು, ಮೇಲೆ ಅರ್ಧ ನೀಲಿ. ಮೂರನೆಯದರಲ್ಲೂ ಅಡಿಯಲ್ಲಿ ಒಂದು ಬೆರಳು ನೀರು. ಹೇಳಿದರೆ ಮುಗಿಯಿತು. ನೀರೈತೆ ಗೌಡ್ರೆ ಅಂದರೆ, ಯಾಕ್ಲಾ ಬಂತು ಅನ್ನುತ್ತಾನೆ. ಇಷ್ಟು ಜನದ ಎದುರಿಗೆ ಕೆನ್ನೆಗೆ ಬೀಳುತ್ತದೆ. ಅದು ಬೀಳಲಿ, ಸಂಜೆಯೊಳಗೆ ಪಾತ್ರೆ ಪಡಗ, ನಾಲ್ಕು ಕುರಿ, ಹೆಂಡತಿ ರಸ್ತೆಯಲ್ಲಿರುತ್ತಾರೆ. ಮೂರು ಲೋಟ ತೆಗೆದಾಯಿತಲ್ಲ, ಇನ್ನೆಷ್ಟು ಮಹಾ ಉಳಿದೀತು ಅಂದುಕೊಂಡ. ಬಲರೆಕ್ಕೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಏನ್ಲಾ, ಹಾಲು ಕರೀತಾ ಇದ್ದೀಯಾ?" ಅಂದ ನಾಗರಾಜು. ನೆಂಟರು ನಕ್ಕರು.

"ಸರಿಯಾಗೈತೆ ಗೌಡ್ರೆ."

ವಿಮಾನ ಬಿದ್ದರೆ ಬೀಳಲಿ ಅಂತ ಚಿಕ್ಕಬೀರಯ್ಯ ಆಗ ಅಂದುಕೊಳ್ಳಲಿಲ್ಲ. ಅಂದುಕೊಳ್ಳಲಿಲ್ಲ ಅಂತ ಅವನು ಇವತ್ತಿಗೂ ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಎಡವಟ್ಟಾಗಿದ್ದು ಆಮೇಲೆ. ಮನೋಹರನಿಗೆ ವಿಮಾನದ ಬಾಗಿಲ ಹತ್ತಿರ ಬರುತ್ತಿದ್ದಂತೆ ಧೈರ್ಯ ಸೋರಿಹೋಯಿತು. ಭಾವ, ಯಾಕೋ ಹೊಟ್ಟೆ ಸರಿಯಿಲ್ಲ ಅಂದ. ರಾಧಾಮಣಿಗೆ ಮೊದಲೇ ತಲೆಸುತ್ತು. ಪೂಜೆ ಮಾಡಿದ ಗಾಡಿಯಲ್ಲಿ ಒಂಟಿಯಾಗಿ ಹೋಗಬಾರದು, ಯಾರಾದರೂ ಮುತ್ತೈದೆ ಜೊತೆಗಿದ್ದರೆ ಒಳ್ಳೆಯದು ಅಂತ ಹಿರಿಯ ಹೆಂಗಸೊಬ್ಬರು ಅಂದರು. ಹನ್ನೆರಡಕ್ಕೆ ಇನ್ನು ಹತ್ತು ನಿಮಿಷ. ನಾಗರಾಜುವಿನ ಕಣ್ಣು ನೆಂಟರ ಮೇಲೆಲ್ಲ ಹಾದು, ಮಜ್ಜಿಗೆ ಹಂಚುತ್ತಿದ್ದ ಪುಟ್ಟಗೌರಮ್ಮನ ಮೇಲೆ ನಿಂತಿತು.

"ಬಾ ಗೌರಮ್ಮ. ನೀನೇ ಮುತ್ತೈದೆ. ಇವತ್ತು ಕುರುಬಗಿತ್ತಿನ ಮೋಡ ಮುಟ್ಟಿಸ್ತೀನಿ" ಅಂದ. ಫೋನುಗಳು ಮೇಲೆದ್ದವು, ಎಲ್ಲರೂ ವಿಡಿಯೋ ತೆಗೆಯತೊಡಗಿದರು.

ಪುಟ್ಟಗೌರಮ್ಮ ಮಜ್ಜಿಗೆ ಚೊಂಬನ್ನು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವರು ನಗುತ್ತಿರುವುದು ಅವಳಿಗೆ ಕಾಣಲಿಲ್ಲವೆಂದಲ್ಲ. ಕಂಡರೂ ಅವಳಿಗೆ ಲೆಕ್ಕವಿರಲಿಲ್ಲ. ಐವತ್ತೇಳರ ಹೆಂಗಸು ಚಪ್ಪಲಿ ಕಳಚಿಟ್ಟು, ದೇವಸ್ಥಾನದ ಮೆಟ್ಟಿಲು ಮುಟ್ಟುವಂತೆ ವಿಮಾನದ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಚಿಕ್ಕಬೀರಯ್ಯ ಓಡಿಬಂದು ಅವಳ ಸೆರಗು ಹಿಡಿದ. "ಬ್ಯಾಡ ಕಣಮ್ಮಿ. ಬಾ ಈಚೆಗೆ."

"ಯಾಕೆ?" ಅಂದಳು ಅವಳು.

"ಯಾಕ್ಲಾ?" ಅಂದ ನಾಗರಾಜು, ಒಳಗಿನಿಂದ.

ನೀರು ಅನ್ನುವ ಎರಡಕ್ಷರ. ಅಷ್ಟೇ ಬೇಕಿದ್ದಿದ್ದು. ಚಿಕ್ಕಬೀರಯ್ಯನ ಬಾಯಿ ತೆರೆಯಿತು. ಎದುರಿಗೆ ನಲವತ್ತು ಮುಖ, ನಲವತ್ತು ಫೋನು, ನಾಗರಾಜುವಿನ ಬಲಗೈ. ನಾಲಿಗೆ ಬೇರೆ ಕಡೆಗೆ ತಿರುಗಿತು.

"ಅವ್ಳು ಮೈ ತೊಳ್ಕೊಂಡಿಲ್ಲ ಗೌಡ್ರೆ. ಕುರಿ ವಾಸ್ನೆ ಬತ್ತದೆ. ನಿಮ್ಗೆ ಆಗಾಕಿಲ್ಲ."

ನೆಂಟರು ಹೋ ಅಂತ ನಕ್ಕರು. ಪುಟ್ಟಗೌರಮ್ಮ ನಗಲಿಲ್ಲ. ಗಂಡನ ಮುಖವನ್ನು ಒಂದು ಗಳಿಗೆ ಹುಡುಕಿದಳು. ಮೂವತ್ತೈದು ವರ್ಷ ಜೊತೆಗೆ ಬಾಳಿದ ಮನುಷ್ಯ ಹಬ್ಬದ ದಿನ ಊರೆಲ್ಲದರ ಮುಂದೆ ಯಾಕೆ ಹೀಗಂದ ಅನ್ನುವುದು ಅವಳಿಗೆ ಬಗೆಹರಿಯಲಿಲ್ಲ.

"ಬೆಳಿಗ್ಗೇನೇ ತಲೆಗೆ ನೀರು ಹುಯ್ಕೊಂಡಿವ್ನಿ" ಅಂದಳು ಮೆಲ್ಲಗೆ. "ನೀನೇ ತೋಡಿ ಕೊಟ್ಯಲ್ಲ."

ಸೆರಗು ಬಿಡಿಸಿಕೊಂಡು ಹತ್ತಿದಳು. ಬಾಗಿಲು ಹಾಕಿಕೊಂಡಿತು. ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಯಿತು. ವಿಮಾನ ಮುಂದಕ್ಕೆ ಸರಿಯುವಾಗ ಚಿಕ್ಕಬೀರಯ್ಯ ಹಿಂದಿನಿಂದ ಕೂಗಲು ಬಾಯಿ ತೆಗೆದ. ಹಿಂದಿನಿಂದ ಕೂಗಿದರೆ ಹೊರಟವರಿಗೆ ಕೇಡು. ಅಂಗೈಯಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಂಡ.

ಸುಹೇಲ್ ಹೇಳಿದಂತೆಯೇ ಆಯಿತು. ನೆಲದ ಮೇಲೆ ಎಂಜಿನ್ ಚೆನ್ನಾಗಿಯೇ ಓಡಿತು. ರನ್‌ವೇಯ ಕೊನೆಯಲ್ಲಿ ಚಕ್ರ ನೆಲ ಬಿಟ್ಟಿತು, ನೆಂಟರು ಚಪ್ಪಾಳೆ ತಟ್ಟಿದರು. ಎರಡು ತೆಂಗಿನಮರದಷ್ಟು ಎತ್ತರ ಹೋಗಿತ್ತೇನೋ, ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ಎಳೆದುಕೊಂಡು, ನಿಂತೇಹೋಯಿತು. ಸದ್ದು ನಿಂತ ಮೇಲೆ ಬಯಲಿನಲ್ಲಿ ಚಪ್ಪಾಳೆ ಮಾತ್ರ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಎದುರಿಗೆ ಸಾಲಾಗಿ ರಾಗಿ ಹೊಲ, ಮೆತ್ತನೆಯ ನೆಲ. ಎಂಜಿನ್ ನಿಂತರೆ ನೇರ ಹೋಗಿ ಇಳಿಸಿ, ತಿರುಗಿಸೋಕೆ ಮಾತ್ರ ಹೋಗಬೇಡಿ ಅಂತ ಸುಹೇಲ್ ನಾಗರಾಜುವಿಗೆ ಹತ್ತು ಸಲ ಹೇಳಿದ್ದ. ನಲವತ್ತು ಫೋನಿನ ಎದುರು ಕಂಡವರ ರಾಗಿ ಹೊಲಕ್ಕೆ ಇಳಿಸಿದರೆ ಗೌಡನ ಮಾನ ಏನಾಗಬೇಕು? ಅವನು ಹಿಂದಕ್ಕೆ ತಿರುಗಿಸಿದ. ಬಲರೆಕ್ಕೆ ಬಾಗಿತು, ಬಾಗಿದ್ದು ಮತ್ತೆ ಮೇಲೇಳಲಿಲ್ಲ. ಪುಟ್ಟಗೌರಮ್ಮ ಕೂತ ಕಡೆಯೇ ಮೊದಲು ನೆಲಕ್ಕೆ ಬಡಿಯಿತು.

ಎಲ್ಲರಿಗಿಂತ ಮುಂದೆ ಓಡಿದವನು ಚಿಕ್ಕಬೀರಯ್ಯನೇ. ರಾಗಿ ಹೊಲದ ಬದುವಿನ ಹತ್ತಿರ ಬಿದ್ದಿತ್ತು ವಿಮಾನ. ಟ್ಯಾಂಕು ಒಡೆದು ಪೆಟ್ರೋಲನ್ನೆಲ್ಲ ನೆಲ ಕುಡಿಯುತ್ತಿತ್ತು. ನಾಗರಾಜು ಎರಡೂ ಕಾಲು ಮುರಿದುಕೊಂಡು ಒಳಗಿನಿಂದ ಬೊಬ್ಬೆ ಹೊಡೆಯುತ್ತಿದ್ದ. ಪುಟ್ಟಗೌರಮ್ಮ ಬೊಬ್ಬೆ ಹೊಡೆಯುತ್ತಿರಲಿಲ್ಲ. ಅವಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು, ಗೌರಿ ಗೌರಿ ಅಂತ ಅಲುಗಿಸಿದ. ತುರುಬು ಬಿಚ್ಚಿ ಅವನ ಕೈಮೇಲೆ ಬಿತ್ತು. ಕೂದಲು ಇನ್ನೂ ಒಣಗಿರಲಿಲ್ಲ.

ಅವಳನ್ನು ಮಣ್ಣು ಮಾಡಲು ಚಿಕ್ಕಬೀರಯ್ಯನಿಗೆ ಒಂದು ಅಡಿ ನೆಲವಿರಲಿಲ್ಲ. ಅವಳ ತಮ್ಮ ಚಿಕ್ಕರಾಜು ಮಾಗಡಿ ಕಡೆಯ ಕಲ್ಯಕ್ಕೆ ಕರೆದೊಯ್ದು ತನ್ನ ಹೊಲದ ಮೂಲೆಯಲ್ಲಿ ಗುಂಡಿ ತೆಗೆಸಿದ. ಮಾರನೇ ದಿನ ರಾಮನಗರದ ಆಸ್ಪತ್ರೆಯಿಂದ ಕರೆ ಬಂತು. ನಾಗರಾಜುವಿನ ಮಂಚದ ಪಕ್ಕದಲ್ಲಿ ತನಿಖೆಗೆ ಬಂದ ಅಧಿಕಾರಿಯೊಬ್ಬರು ಕಾಗದ ಹಿಡಿದು ಕೂತಿದ್ದರು. ಸುಹೇಲ್ ಗೋಡೆಗೆ ಒರಗಿ ನಿಂತಿದ್ದ. ಎಂಜಿನ್ ಬಿಚ್ಚಿದಾಗ ಪೆಟ್ರೋಲ್ ಇರಬೇಕಾದ ಕಡೆ ನೀರು ಸಿಕ್ಕಿತ್ತು.

"ಬೀರಣ್ಣ, ರೆಕ್ಕೆ ಮೇಲೆ ನೀರು ಬಿಟ್ಟಿದ್ದು ಯಾರು?" ಅಂದ ಸುಹೇಲ್.

ನಾಗರಾಜು ದಿಂಬಿನಿಂದ ತಲೆ ಎತ್ತಿ ನೋಡಿದ. ಕಾಲೆರಡೂ ಪಟ್ಟಿಯಲ್ಲಿದ್ದರೂ ಆ ನೋಟಕ್ಕೆ ಏನೂ ಆಗಿರಲಿಲ್ಲ.

ಚಿಕ್ಕಬೀರಯ್ಯ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೆಲ ನೋಡಿದ. "ನನ್ ಹೆಂಡ್ತಿ ಸಾರ್" ಅಂದ. "ನಾನ್ ಹೂವ ತರಕ್ಕೆ ಹೋಗಿದ್ದೆ. ಬರಾದ್ರೊಳ್ಗೆ ಹುಯ್ದ್‌ಬುಟ್ಟಿದ್ಲು. ನಂಗೆ ಹೇಳ್ಲೂ ಇಲ್ಲ."

"ಪುಟ್ಟಗೌರಮ್ಮನಾ?" ಅಂದ ಸುಹೇಲ್. "ಅವ್ರಿಗೂ ನಾನೇ ಹೇಳಿದ್ದೆ. ನಿಮಗಿಂತ ಚೆನ್ನಾಗಿ ಅವ್ರೇ ಕೇಳಿಸ್ಕೊಂಡಿದ್ರು."

"ಹೆಂಗ್ಸಲ್ವಾ. ಏನ್ ತಿಳೀತದೆ."

ಲೋಟ ಹಿಡಿದು ನೋಡಲಿಲ್ಲವಾ ಅಂತ ಅಧಿಕಾರಿ ಕೇಳಿದರು. ಒಂದ್ ಕಡೆ ನೋಡ್ದೆ, ಕಣ್ಣು ಮಂಜು ಸಾರ್ ಅಂದ. ಸುಹೇಲ್ ಬೇಡವೆಂದರೂ ಯಾಕೆ ಹಾರಿಸಿದಿರಿ ಅಂತ ನಾಗರಾಜುವನ್ನು ಕೇಳುವ ಸರದಿ ಬರುವುದರೊಳಗೆ ನಾಗರಾಜುವೇ ಬಾಯಿ ಹಾಕಿದ. "ಗೊತ್ತಾಯ್ತಲ್ಲ ಸಾರ್. ಆಯಮ್ಮ ಮಾಡಿದ್ದು. ಸತ್ತೋದವ್ಳ ಮೇಲೆ ಕೇಸ್ ಹಾಕಾಕಾಯ್ತದಾ? ಬರ್ಕೊಳಿ." ಬದುಕಿದ್ದಾಗ ಗೌಡನಿಗೂ ಗಂಡನಿಗೂ ಮಜ್ಜಿಗೆ ಕೊಟ್ಟವಳು ಸತ್ತ ಮೇಲೂ ಇಬ್ಬರಿಗೂ ಒದಗಿದಳು. ಸುಹೇಲ್ ಮಾತ್ರ ಹೊರಗೆ ಹೋದ.

ಚಿಕ್ಕಬೀರಯ್ಯ ಬಾಗಿಲು ದಾಟುವಾಗ ನಾಗರಾಜು ಕರೆದ. ಹಿಂದಿನಿಂದಲೇ ಕರೆದ. "ಲೇ ಬೀರಾ. ನಿಂದೇನೂ ತಪ್ಪಿಲ್ಲ. ಮನೇಲೇ ಇರು."

ಮೂರನೇ ದಿನ ಕಲ್ಯದಲ್ಲಿ ಹಾಲು ತುಪ್ಪ. ಸಮಾಧಿಯ ಮಣ್ಣಿನ ಮೇಲೆ ಎಲೆ ಹಾಕಿ, ಅನ್ನ, ಕಡುಬು, ಅವಳಿಗೆ ಇಷ್ಟವಾದ ಹುರುಳಿ ಬಸ್ಸಾರು ಬಡಿಸಿದರು. ಸುದ್ದಿ ಅಷ್ಟರಲ್ಲಿ ಇಲ್ಲಿಗೂ ಬಂದಿತ್ತು. ನೀರು ಹುಯ್ದು ಗೌಡರ ವಿಮಾನ ಕೆಡವಿದವಳು ಅಂತ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ಮಾತಾಡುತ್ತಿದ್ದರು. ಚಿಕ್ಕರಾಜು ಭಾವನ ಪಕ್ಕದಲ್ಲಿ ಬಂದು ನಿಂತ.

"ನಮ್ಮಕ್ಕ ಹೇಳಿದ್ ಮಾತ ಮೀರೋಳಲ್ಲ ಭಾವ. ಅದ್ ಹೆಂಗ್ ನೀರು ಹುಯ್ದ್ಲು?"

"ಹುಯ್ದ್ಲಪ್ಪ" ಅಂದ ಚಿಕ್ಕಬೀರಯ್ಯ.

ಆದರೆ ಒಳಗೊಳಗೇ ಅವನು ಒಂದು ತೀರ್ಮಾನ ಮಾಡಿಕೊಂಡಿದ್ದ. ಸತ್ತವರಿಗೆ ಕೊರಗು ಉಳಿದಿದ್ದರೆ ಕಾಗೆ ಎಲೆ ಮುಟ್ಟುವುದಿಲ್ಲ. ಆಗ ಮನೆಯವರು ಮುಂದೆ ಬಂದು, ಕೊರಗೇನೆಂದು ಬಾಯಿಬಿಟ್ಟು ಹೇಳಿ ಕೈಮುಗಿಯಬೇಕು, ಆಮೇಲೇ ಕಾಗೆ ಇಳಿಯುವುದು. ಗೌರಿಯ ಎಲೆಯನ್ನು ಕಾಗೆ ಹೇಗೂ ಮುಟ್ಟುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಮುಟ್ಟದಿದ್ದಾಗ ಎಲ್ಲರ ಎದುರಿಗೆ ಹೇಳ್ಬಿಡುತ್ತೇನೆ ಅಂದುಕೊಂಡ: ಹುಯ್ದವನು ನಾನು, ನೀನು ಬ್ಯಾಡ ಅಂದೆ, ನೀನು ಮಿಂದಿದ್ದೆ. ಆ ಮೂರು ಮಾತನ್ನು ರಾತ್ರಿಯಿಡೀ ಜೋಡಿಸಿಕೊಂಡಿದ್ದ. ಸೂರು ಹೋದರೆ ಹೋಗಲಿ. ಈಗ ಅದರ ಕೆಳಗೆ ಇರುವವರಾದರೂ ಯಾರು?

ಎಲ್ಲರೂ ಎಲೆಯಿಂದ ದೂರ ಸರಿದರು. ಚಿಕ್ಕಬೀರಯ್ಯ ಇನ್ನೂ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಪಟಪಟ ಸದ್ದಾಯಿತು. ತಿರುಗಿ ನೋಡಿದರೆ ಒಂದಲ್ಲ, ಮೂರು ಕಾಗೆ. ಕಡುಬನ್ನು ಕಿತ್ತಾಡಿ ತಿನ್ನುತ್ತಿದ್ದವು.

"ನೋಡಿದ್ರಾ, ಏನೂ ಕೊರಗಿಲ್ಲ ಅವಳಿಗೆ" ಅಂದಳೊಬ್ಬ ಮುದುಕಿ. "ಇಮಾನದಾಗೆ ಕೂರ್ಬೇಕು ಅಂತಿದ್ಲು, ಕೂತ್ಲು. ಪುಣ್ಯವಂತೆ."

ಎಲ್ಲರಿಗೂ ನಿರಾಳವಾಯಿತು. ಚಿಕ್ಕರಾಜು ಕಣ್ಣೊರೆಸಿಕೊಂಡು, ಬಾ ಭಾವ ಹೋಗನ ಅಂದ. ಚಿಕ್ಕಬೀರಯ್ಯನ ಬಾಯಿಯಲ್ಲಿ ಮೂರು ಮಾತೂ ಇದ್ದವು. ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಿತ್ತು, ಅವನು ಹೇಳಲಿಲ್ಲ.

ಸಂಜೆಯ ಬಸ್ಸಿಗೆ ಕೂಟಗಲ್ಲಿಗೆ ವಾಪಸ್ಸು ಬಂದ. ಶೆಡ್ಡು ಖಾಲಿಯಿತ್ತು. ಏಣಿ ಗೋಡೆಗೆ ಒರಗಿಕೊಂಡೇ ಇತ್ತು, ಪೈಪು ಎಳೆದು ಹಾಕಿದ ಕಡೆಯೇ ಬಿದ್ದಿತ್ತು. ಸಮಾಧಿಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಮನೆಯೊಳಗೆ ಕಾಲಿಡಬಾರದು. ಒಲೆ ಹಚ್ಚಿರಲಿಲ್ಲ, ಹಂಡೆಯಲ್ಲಿ ನೀರಿರಲಿಲ್ಲ, ತೋಡಿ ಕೊಡುವವರೂ ಇರಲಿಲ್ಲ. ಮೋಟಾರು ಹಾಕಿ, ಆ ಪೈಪನ್ನೇ ಎತ್ತಿಕೊಂಡು ತಲೆಗೆ ಬಿಟ್ಟುಕೊಂಡ.